ಮೀನಿಗೆ ಊಟ ಹಾಕುವ ಡಬ್ಬಿ

೯ ನವೆಂಬರ್
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರಗಳು. ನೀವು ಆರೋಗ್ಯವಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನೀವೂ ಅಣ್ಣನೂ ಬೇರೆಯಾಗಿ ಎರಡು ವರ್ಷ ದಾಟಿತು, ಇನ್ನೂ ಅತ್ತಿಗೆ ಎನ್ನಬಹುದೋ ಬಾರದೋ ಎಂದು ಮೊದಲ ಸಾಲಿನಲ್ಲೇ ಪೆನ್ನು ತಡವರಿಸಿತು. ಆದರೆ ಬೇರೆ ಏನೆಂದು ಕರೆಯಲಿ? ಹನ್ನೊಂದನೆಯ ವಯಸ್ಸಿನಿಂದ ನಾಲಿಗೆಗೆ ಅಂಟಿಕೊಂಡ ಮಾತು. ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ವಿಳಾಸ ಗೊತ್ತಿರಲಿಲ್ಲ ಎನ್ನುವುದು ಅರ್ಧ ನಿಜ. ಇನ್ನರ್ಧ, ಬಾಯಿ ತೆರೆದರೆ ಮುಚ್ಚದವಳು ಕಾಗದದ ಮುಂದೆ ಕೂತರೆ ಮೂಗಿಯಾಗುತ್ತೇನೆ. ನನಗೆ "ವಟವಟಿ" ಎಂದು ಹೆಸರಿಟ್ಟ ನೀವು ಇದನ್ನು ನಂಬುವುದಿಲ್ಲ.

ಈಗ ನಾನು ಮುಂದಿನ ಕೋಣೆಯ ನೆಲದ ಮೇಲೆ, ಮೀನಿನ ತೊಟ್ಟಿಯ ಪಕ್ಕದಲ್ಲಿ ಕೂತಿದ್ದೇನೆ. ಕಿಟಕಿಯ ಬಿಸಿಲು ತೊಟ್ಟಿಯನ್ನು ಹಾದು ಈ ಹಾಳೆಯ ಮೇಲೆ ಬೀಳುತ್ತಿದೆ. ಅಕ್ಷರಗಳ ಮೇಲೆ ನೀರಿನ ಬೆಳಕು ಅಲುಗಾಡುತ್ತಿದೆ. ಒಮ್ಮೊಮ್ಮೆ ಒಂದು ಮೀನಿನ ನೆರಳು ಬಂದು ಒಂದಿಡೀ ಸಾಲನ್ನು ಅಳಿಸಿ, ಮತ್ತೆ ಬರೆದುಕೊಟ್ಟು ಹೋಗುತ್ತದೆ. ಅಕ್ಷರ ಓರೆಯಾಗಿದ್ದರೆ ಅದು ಮೀನಿನ ತಪ್ಪು, ನನ್ನದಲ್ಲ.

ಮೊದಲು ಅವುಗಳ ಸಮಾಚಾರ. ಬಾಲ ಓರೆಯಾಗಿದ್ದ ಚಿನ್ನದ ಮೀನು, ನಮ್ಮ ಸೊಟ್ಟ, ಈಗ ಅಂಗೈಯಷ್ಟು ಬೆಳೆದಿದ್ದಾನೆ; ಸೊಟ್ಟತನ ಮಾತ್ರ ಹೋಗಿಲ್ಲ. ಕರಿ ಸಾಹೇಬ ಉಬ್ಬುಗಣ್ಣು ಬಿಟ್ಟುಕೊಂಡು, ಬಾಗಿಲು ತಟ್ಟದೆ ಒಳಗೆ ಬಂದವರನ್ನು ನೋಡುವ ಹಾಗೆ ಎಲ್ಲರನ್ನೂ ನೋಡುತ್ತಾನೆ. ಬಸವನಹುಳು ಅಜ್ಜ ಬೆಳಿಗ್ಗೆ ಒಂದು ಮೂಲೆಯಿಂದ ಹೊರಟು ಸಂಜೆಗೆ ಇನ್ನೊಂದು ಮೂಲೆ ಮುಟ್ಟುತ್ತಾನೆ, ಏನನ್ನೋ ಮರೆತು ಬಂದವನಂತೆ ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಾನೆ. ಸಣ್ಣ ಮೀನುಗಳಲ್ಲಿ ಒಂದು ಹೋಯಿತು. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ. ಬೈಯಬೇಡಿ.

ನನ್ನದು ಅದೇ ಕೆಲಸ. ನೀವಿದ್ದಾಗ ಕಲಿಯಲು ಸೇರಿದ್ದೆನಲ್ಲ, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು. ಈಗ ಅದೇ ಕಾಯಂ ಆಗಿದೆ. ಈ ವರ್ಷದಿಂದ ಶಾಲೆಗಳಲ್ಲಿ ಮಕ್ಕಳ ಕಣ್ಣು ನೋಡುವ ತಂಡದ ಜೊತೆ ನನ್ನನ್ನೂ ಕಳಿಸುತ್ತಾರೆ. ಒಮ್ಮೊಮ್ಮೆ ವಾರವಿಡೀ ಊರೂರು ಸುತ್ತುತ್ತೇನೆ. ಮೊದಲ ಸಲ ಕನ್ನಡಕ ಹಾಕಿಕೊಂಡ ಮಗು ಮರದ ಕಡೆ ನೋಡಿ "ಅಯ್ಯೋ, ಎಲೆಗಳು ಬೇರೆ ಬೇರೆ ಇವೆ!" ಎನ್ನುತ್ತದಲ್ಲ, ಅದನ್ನು ಕೇಳಲು ಎಷ್ಟು ದೂರವಾದರೂ ಹೋಗಬಹುದು.

ಅಣ್ಣನ ವಿಷಯವನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆದರೆ ಮೀನಿನ ಕಥೆ ಹೇಳಲು ಹೊರಟರೆ ಅಣ್ಣನನ್ನು ತೊಟ್ಟಿಯ ಹೊರಗಿಡಲು ಆಗುವುದಿಲ್ಲ.

ನೀವು ಹೋದ ಮೇಲೆ ಅವನು ಮೀನುಗಳಿಗೆ ಅಂಟಿಕೊಂಡ. ದಿನಾ ಬೆಳಿಗ್ಗೆ ನೀವು ಹಾಕುತ್ತಿದ್ದ ಹೊತ್ತಿಗೇ, ನೀವು ಹಾಕುತ್ತಿದ್ದಷ್ಟೇ ಊಟ. ನೀವು ಗಾಜಿನ ಮೇಲೆ ಉಗುರಿನಿಂದ ಟಕಟಕ ಮಾಡುತ್ತಿದ್ದಿರಲ್ಲ, ಅದನ್ನೂ ಮಾಡುತ್ತಿದ್ದ, ನಾನು ನೋಡುತ್ತಿಲ್ಲ ಎಂದುಕೊಂಡು. ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಬರಬರುತ್ತ ಮೀನುಗಳು ಎಲ್ಲದಕ್ಕೂ ನೆಪವಾದವು. ದೊಡ್ಡಪ್ಪನ ಮಗಳ ಮದುವೆಗೆ ಹೋಗೋಣವೆಂದರೆ "ಮೀನಿಗೆ ಯಾರು ಹಾಕ್ತಾರೆ?" ದೂರದ ಊರಿನಲ್ಲಿ ನಲವತ್ತು ಮಹಡಿಯ ಕಟ್ಟಡ ಏಳುತ್ತಿದೆ, ಅಲ್ಲಿನ ಲಿಫ್ಟುಗಳನ್ನೆಲ್ಲ ಕೂರಿಸಲು ನೀನೇ ಹೋಗು ಎಂದು ಕಂಪನಿಯವರು ಹೇಳಿದರೆ "ಮೀನಿಗೆ ಯಾರು ಹಾಕ್ತಾರೆ?" ಹಲ್ಲು ಕೀಳಿಸಿಕೊಳ್ಳುವುದಕ್ಕೂ ಅದೇ ಮಾತು ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲ್ಮನೆಯ ಪಿಟೀಲು ಮೇಷ್ಟ್ರನ್ನು ಕೇಳಿ ನೋಡಿದೆ. "ನನ್ನ ಊಟಾನೇ ನಾನು ಮರೀತೀನಮ್ಮಾ, ನಿನ್ನ ಮೀನು ಬದುಕೋದು ಬೇಡ್ವಾ?" ಎಂದರು.

ಬೀಗ ಹಾಕಿದ ಬಾಗಿಲನ್ನು ಯಾರಾದರೂ ಬಂದು ನೋಡಿ ಹಿಂದಿರುಗಿಯಾರು ಎಂಬ ಭಯ ಅವನಿಗಿತ್ತು. ಯಾರಾದರೂ ಎಂದರೆ ಯಾರು ಎಂದು ನಾನು ಬರೆಯುವುದಿಲ್ಲ.

ಕಂಪನಿಯವರು ಎರಡನೆಯ ಸಲ ಕೇಳಿದಾಗಲೂ ಅವನು ಒಲ್ಲೆ ಎಂದು ಬಂದ. ನನಗೆ ಸಿಟ್ಟು ನೆತ್ತಿಗೇರಿತು.

"ಅಣ್ಣಾ, ನಲವತ್ತು ಮಹಡಿ ಮೇಲಕ್ಕೆ ಮನುಷ್ಯರನ್ನ ಹತ್ತಿಸ್ತೀಯ. ಒಂದು ಚಿಟಿಕೆ ಊಟ ಒಂದು ಗೇಣು ಕೆಳಕ್ಕೆ ಇಳಿಸೋಕೆ ಬರಲ್ವಾ ನಿನಗೆ?"

ಅವನು ತೊಟ್ಟಿಯ ಮುಂದೆ ನಿಂತು ಅದರ ಮೇಲಿನ ಖಾಲಿ ಜಾಗವನ್ನು ನೋಡಿದ. ಲಿಫ್ಟಿನ ಬಾವಿಯನ್ನು ಕೆಳಗಿನಿಂದ ನೋಡುವಾಗ ಕತ್ತು ಓರೆ ಮಾಡುತ್ತಾನಲ್ಲ, ಹಾಗೆ. ಮೀನು ಗಾಳಕ್ಕೆ ಬಿತ್ತು ಎಂದುಕೊಂಡೆ.

ಮಾರನೆಯ ದಿನ ಜೇಬಿನಲ್ಲಿ ಒಂದು ಪುಟ್ಟ ಮೋಟಾರು ಇಟ್ಟುಕೊಂಡು ಬಂದ. ಕೆಟ್ಟುಹೋದ ಮೈಕ್ರೋವೇವ್ ಒಲೆಯಲ್ಲಿ ತಟ್ಟೆ ತಿರುಗಿಸುತ್ತಿದ್ದದ್ದು. ಕರೆಂಟಿಗೆ ಸಿಕ್ಕಿಸಿದರೆ ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸುವವರ ಹಾಗೆ ನಿಧಾನವಾಗಿ ತಿರುಗುತ್ತಿತ್ತು. ನಾನು ಅಂಗಡಿಯಿಂದ ಮಸೂರದ ಗಾಜುಗಳು ಬರುವ ದುಂಡನೆಯ ಪಾರದರ್ಶಕ ಡಬ್ಬಿಯನ್ನು ತಂದೆ. ಚೌಕಟ್ಟಿಲ್ಲದ ಕನ್ನಡಕದ ಗಾಜಿಗೆ ತೂತು ಕೊರೆಯುವ ಸಣ್ಣ ಯಂತ್ರವಿದೆಯಲ್ಲ, ಅದರಲ್ಲೇ ಡಬ್ಬಿಯ ಬದಿಗೊಂದು ತೂತು ಕೊರೆದೆ. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ಕೈ ಕೂತಿದೆ" ಎಂದ. ಅವನ ಬಾಯಿಂದ ಇದು ಸನ್ಮಾನ ಪತ್ರ.

ಆಮೇಲಿನ ಭಾನುವಾರಗಳು ಹೇಗೆ ಕಳೆದವೋ ನನಗೆ ಸರಿಯಾಗಿ ನೆನಪಿಲ್ಲ. ಎಲ್ಲವೂ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಮನಸ್ಸಿನಲ್ಲಿ ಉಳಿದಿದೆ. ತಂತಿ, ಇಕ್ಕಳ, ಅಂಟು ನೆಲದ ಮೇಲೆ ಹರಡಿರುತ್ತಿದ್ದವು. ಮೇಲಿನ ಮನೆಯಲ್ಲಿ ಮೇಷ್ಟ್ರ ಶಿಷ್ಯರು ಒಂದೇ ಪಾಠವನ್ನು ಮತ್ತೆ ಮತ್ತೆ ತಪ್ಪಾಗಿ ಬಾರಿಸುತ್ತಿದ್ದರು. ತೊಟ್ಟಿಯ ಬೆಳಕು ಛಾವಣಿಯ ಮೇಲೆ ತೂಗಾಡುತ್ತಿತ್ತು, ನಾವಿಬ್ಬರೂ ಅದರ ಕೆಳಗೆ, ನೀರಿನ ತಳದಲ್ಲಿ ಕೂತವರಂತೆ. ನನಗೆ ನೀವು ಜಡೆ ಹೆಣೆಯುತ್ತಿದ್ದ ಬೆಳಗುಗಳು ನೆನಪಾಗುತ್ತಿದ್ದವು. ಇದೇ ತೊಟ್ಟಿಯೇ ಕನ್ನಡಿ. ಗಾಜಿನಲ್ಲಿ ನಿಮ್ಮ ಮುಖ, ಅದರ ಕೆಳಗೆ ನನ್ನ ಮುಖ, ಎರಡರ ನಡುವೆ ಮೀನುಗಳು ಬಾಗಿಲಿಲ್ಲದ ಮನೆಯಲ್ಲಿ ಓಡಾಡುವ ಹಾಗೆ ಓಡಾಡುತ್ತಿದ್ದವು. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎನ್ನುತ್ತಾರೆ ಜನ. ಅಂಥವರು ನಮ್ಮಿಬ್ಬರನ್ನು ನೋಡಿರಲಿಲ್ಲ.

ಅಣ್ಣ ಕೆಲಸ ಮಾಡುತ್ತಾ ಮಾತಾಡಲು ಶುರು ಮಾಡಿದ್ದು ಆಗಲೇ.

"ಲಿಫ್ಟ್ ಅಂದ್ರೇನು, ಹೇಳು ನೋಡೋಣ."

"ಮೇಲೆ ಕೆಳಗೆ ಹೋಗೋ ಡಬ್ಬಿ."

"ತಪ್ಪು. ನಿಲ್ಲೋ ಡಬ್ಬಿ. ಹೋಗೋದೇನು, ಯಾವುದು ಬೇಕಾದ್ರೂ ಹೋಗುತ್ತೆ. ಸರಿಯಾದ ಜಾಗದಲ್ಲಿ ನಿಲ್ಲೋದಿದೆಯಲ್ಲ, ಅದೇ ಕಷ್ಟ."

ಹಾಗೆಯೇ ಈ ಡಬ್ಬಿಯನ್ನೂ ಮಾಡಿದ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಟೈಮರ್ ಬೆಳಿಗ್ಗೆ ಕರೆಂಟು ಬಿಡುತ್ತದೆ. ಮೋಟಾರು ಡಬ್ಬಿಯನ್ನು ತಿರುಗಿಸುತ್ತದೆ. ತೂತು ಕೆಳಮುಖವಾದಾಗ ಒಂದು ಚಿಟಿಕೆ ಊಟ ನೀರಿಗೆ ಉದುರುತ್ತದೆ. ಸುತ್ತು ಮುಗಿಯುತ್ತಿದ್ದಂತೆ, ಡಬ್ಬಿಯ ಬೆನ್ನಿಗೆ ಅಂಟಿಸಿದ ಅಂಗಿಯ ಗುಂಡಿ ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ, ಟಿಕ್ ಎಂದು ಎಲ್ಲ ನಿಲ್ಲುತ್ತದೆ. ಲಿಫ್ಟು ಮಹಡಿಯಲ್ಲಿ ನಿಲ್ಲುವ ಹಾಗೆಯೇ.

ನಾವು ನೋಡುತ್ತಿರುವಷ್ಟು ಹೊತ್ತೂ ನಿಂತಿತು. ನಾವಿಬ್ಬರೂ ಕೆಲಸಕ್ಕೆ ಹೋದ ದಿನ ನಿಲ್ಲಲಿಲ್ಲ. ಗುಂಡಿಯ ಅಂಟು ಸ್ವಲ್ಪ ಜಾರಿತ್ತು, ಅಷ್ಟೇ. ಅದು ಸ್ವಿಚ್ಚಿನ ಪಕ್ಕದಲ್ಲೇ ಹಾದುಹೋಗಿ, ಡಬ್ಬಿ ಸುತ್ತಿ ಸುತ್ತಿ, ಇದ್ದಬದ್ದ ಊಟವನ್ನೆಲ್ಲ ನೀರಿಗೆ ಸುರಿದಿತ್ತು. ಸಂಜೆ ಬಾಗಿಲು ತೆಗೆದರೆ ವಾಸನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮಗೆ ತೊಟ್ಟಿಯೇ ಮಜ್ಜಿಗೆಯಾಗಿತ್ತು. ಆ ಬಿಳಿ ನೀರಿನೊಳಗೆ ಸೊಟ್ಟ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದ. ಸಾಹೇಬ ಎಲ್ಲಿದ್ದಾನೆಂದೇ ಕಾಣುತ್ತಿರಲಿಲ್ಲ.

ಅಣ್ಣ ಚೀಲವನ್ನು ಎಲ್ಲಿ ಎಸೆದನೋ, ತೋಳು ಕೂಡ ಮಡಿಸದೆ ನೀರಿಗೆ ಕೈ ಹಾಕಿದ. ನಲ್ಲಿಯ ನೀರು ಹಾಗೇ ಹಾಕುವಂತಿಲ್ಲ, ಹಿಡಿದಿಟ್ಟ ನೀರೇ ಬೇಕು ಎಂದು ನೀವು ಹೇಳುತ್ತಿದ್ದದ್ದು ನೆನಪಾಗಿ ನಾನು ಮೇಲಕ್ಕೆ ಓಡಿದೆ. ಪಿಟೀಲು ಮೇಷ್ಟ್ರು ಪಾಠ ನಿಲ್ಲಿಸಿ, ತಮ್ಮ ಸ್ನಾನಕ್ಕೆ ತುಂಬಿಟ್ಟಿದ್ದ ಬಕೆಟ್ಟುಗಳನ್ನು ತಾವೇ ಹೊತ್ತು ತಂದರು. "ನಾಳೆ ನನಗೆ ಸ್ನಾನ ಇಲ್ಲ, ಶಿಷ್ಯರಿಗೆ ಹೇಳಿಬಿಡು, ದೂರ ಕೂತ್ಕೊಳ್ಳಿ ಅಂತ" ಎಂದರು ಆ ಗಡಿಬಿಡಿಯಲ್ಲೂ.

ಒಂದೊಂದೇ ಮೀನನ್ನು ಹಿಡಿದು ಬಕೆಟ್ಟಿಗೆ ಬಿಡುತ್ತಿದ್ದೆವು. ಸಾಹೇಬ ಸಿಗಲೇ ಇಲ್ಲ. ಅಣ್ಣ ಮೊಣಕೈವರೆಗೆ ನೀರಿನಲ್ಲಿದ್ದು ತಡಕಾಡುತ್ತ, ತಿರುಗಿ ನೋಡದೆ, ಹಿಂದಕ್ಕೆ ಕೈ ಚಾಚಿ ಹೇಳಿದ:

"ಇವಳೇ, ಆ ಬಲೆ ಕೊಡೇ, ಬೇಗ."

ಅವನು ನನ್ನನ್ನು ಎಂದೂ ಹಾಗೆ ಕರೆದವನಲ್ಲ. ಈ ಮನೆಯಲ್ಲಿ "ಇವಳೇ" ಎಂದರೆ ಯಾರು ಎಂದು ಮೀನುಗಳಿಗೂ ಗೊತ್ತು. ನಾನು ಬಲೆಯನ್ನು ಅವನ ಕೈಗಿಟ್ಟೆ. ಅವನ ಕೈ ಅರೆಗಳಿಗೆ ಹಾಗೆಯೇ ನಿಂತಿತು, ಆಮೇಲೆ ನೀರಿಗೆ ಇಳಿಯಿತು. ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

ಸಾಹೇಬ ಸಿಕ್ಕಿದ, ಬದುಕಿದ. ಒಂದು ಸಣ್ಣ ಮೀನು ಹೋಯಿತು.

ಎಲ್ಲ ತೊಳೆದು, ಹೊಸ ನೀರು ತುಂಬಿ, ಮೇಷ್ಟ್ರು ಮೇಲೆ ಹೋದ ಮೇಲೆ ನಾವಿಬ್ಬರೂ ಒದ್ದೆ ನೆಲದ ಮೇಲೆ ಗೋಡೆಗೊರಗಿ ಕೂತೆವು.

"ಅವಳಿದ್ದಿದ್ರೆ ಬೈತಿದ್ಲು" ಎಂದ.

"ಬೈತಿರಲಿಲ್ಲ ಅಣ್ಣಾ. ನಗ್ತಿದ್ರು."

"ಹೂಂ. ನಗ್ತಿದ್ಲು." ಒದ್ದೆ ಅಂಗಿಯ ತೋಳು ಹಿಂಡಿದ. "ದಿನಾ ಸಂಜೆ ಕೇಳೋಳು, ಏನಾಯ್ತು ಇವತ್ತು ಅಂತ. ನಾನು ಏನಿಲ್ಲ ಅಂತಿದ್ದೆ. ಲಿಫ್ಟ್ ಕೆಲಸದಲ್ಲಿ ಹೇಳೋಕೇನಿದೆ, ಹತ್ತುತ್ತೆ, ಇಳಿಯುತ್ತೆ. ವರ್ಷಗಟ್ಟಲೆ ಕೇಳಿದ್ಲು ಕಣೇ. ವರ್ಷಗಟ್ಟಲೆ ಏನಿಲ್ಲ ಅಂದೆ. ಒಂದು ದಿನ ಕೇಳೋದು ನಿಲ್ಲಿಸಿದ್ಲು. ನನಗದು ಗೊತ್ತೇ ಆಗಲಿಲ್ಲ ನೋಡು."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮೀನುಗಳಿಗೆ ಊಟ ಗೊತ್ತಿಲ್ಲ, ಅಣ್ಣನಿಗೆ ಮಾತು ಗೊತ್ತಿಲ್ಲ. ಆದರೆ ಮಾತು ಬಾರದವನಿಗೂ ಜಗಳವಿರಲಿಲ್ಲ, ಅಲ್ಲವೇ ಅತ್ತಿಗೆ? ನಿಮ್ಮಿಬ್ಬರ ನಡುವೆ ಒಂದು ಜಗಳವನ್ನೂ ನಾನು ಕೇಳಿದವಳಲ್ಲ. ಮನೆ ಒಳಗೊಳಗೇ ತಣ್ಣಗಾಗುತ್ತ ಹೋಯಿತು.

ಇಷ್ಟಾದ ಮೇಲೆ ಅವನು ಡಬ್ಬಿಯನ್ನು ಕಸಕ್ಕೆ ಹಾಕುತ್ತಾನೆ ಎಂದುಕೊಂಡಿದ್ದೆ. ಇಲ್ಲ, ಹಟ ಹಿಡಿದ. ಗುಂಡಿಯನ್ನು ಅಂಟಿಸದೆ ಸ್ಕ್ರೂ ಹಾಕಿ ಬಿಗಿದ. ಒಂದು ಸ್ವಿಚ್ಚು ಕೈಕೊಟ್ಟರೆ ಇರಲಿ ಎಂದು ಇನ್ನೊಂದನ್ನು ಕೂರಿಸಿದ. ಲಿಫ್ಟಿನಲ್ಲಿ ಹಾಗೆಯೇ ಮಾಡುತ್ತಾರಂತೆ. ಡಬ್ಬಿಗೆ ಒಂದು ವಾರಕ್ಕಾಗುವಷ್ಟೇ ಊಟ ತುಂಬಿದ, ಎಲ್ಲ ಸುರಿದರೂ ನೀರು ಕೆಡದಷ್ಟು. ಆಗ ಇನ್ನೊಂದು ತೊಂದರೆ ಬಂತು. ನೀರಿನ ತೇವ ಮೇಲೆದ್ದು ತೂತಿನೊಳಗೆ ಸೇರಿ, ಊಟ ಅಂಟಂಟಾಗಿ ಉದುರದೆ ನಿಂತಿತು. ಅಕ್ಕಿಕಾಳು ಹಾಕಿ ನೋಡಿದೆವು, ಸುಣ್ಣದ ಪೊಟ್ಟಣ ಹಾಕಿ ನೋಡಿದೆವು. ಕೊನೆಗೆ ಉಪಾಯ ಹೊಳೆದದ್ದು ನನಗೆ. ಮೀನಿಗೆ ಗಾಳಿ ಊದುವ ಪಂಪಿದೆಯಲ್ಲ, ಅದರ ಕೊಳವೆಗೆ ಒಂದು ಕವಲು ಹಾಕಿ ಡಬ್ಬಿಯೊಳಗೂ ಒಂದಿಷ್ಟು ಗಾಳಿ ಬಿಟ್ಟೆವು. ಆ ಪುಟ್ಟ ಉಸಿರಿಗೆ ಊಟ ಗರಿಗರಿಯಾಗಿ ಉಳಿಯಿತು. ಅಣ್ಣ ಕಿವಿಯನ್ನು ಡಬ್ಬಿಯ ಹತ್ತಿರ ಇಟ್ಟು ಕೇಳಿ, "ಉಸಿರಾಡ್ತಿದೆ" ಎಂದ. ನಕ್ಕ. ನಿಜವಾಗಿ ನಕ್ಕ, ಅತ್ತಿಗೆ, ಹಲ್ಲು ಕಾಣುವ ಹಾಗೆ. ಒಂದು ಹಲ್ಲು ಇರಲಿಲ್ಲ. ಕೀಳಿಸಿಕೊಂಡು ಬಂದಿದ್ದ, ನನಗೆ ಹೇಳಿಯೇ ಇರಲಿಲ್ಲ.

ಆ ವಾರ ಅವನು ಕಂಪನಿಯವರಿಗೆ ಆಗಲಿ ಎಂದ.

ಅವನು ಹೊರಟ ಬೆನ್ನಲ್ಲೇ ನಾನೂ ಶಾಲೆಗಳ ಕೆಲಸಕ್ಕೆ ಹೊರಟೆ. ಮೊದಲ ಸಲ ವಾರವಿಡೀ ಮನೆಗೆ ಬೀಗ. ಬಸ್ಸಿನಲ್ಲಿ ಮಧ್ಯಾಹ್ನದ ಜೊಂಪು ಹತ್ತಿದಾಗಲೆಲ್ಲ ಒಂದೇ ಕನಸು. ಮನೆ ಬಾಗಿಲಿನ ಮೇಲ್ಪಟ್ಟಿಯವರೆಗೂ ನೀರು ತುಂಬಿದೆ. ಕುರ್ಚಿಗಳು ತಮ್ಮ ತಮ್ಮ ಜಾಗದಲ್ಲೇ ಇವೆ, ಗೋಡೆಯ ಕ್ಯಾಲೆಂಡರಿನ ಹಾಳೆ ಮೆಲ್ಲಗೆ ಏಳುತ್ತದೆ, ಬೀಳುತ್ತದೆ. ಸೊಟ್ಟ ಅಡುಗೆಮನೆಯಿಂದ ಹೊರಬಂದು, ಅಣ್ಣನ ಕೋಣೆಗೆ ಇಣುಕಿ, ಯಾವ ಅವಸರವೂ ಇಲ್ಲದೆ ನನ್ನ ಕೋಣೆಗೆ ಹೋಗುತ್ತಾನೆ. ಎಲ್ಲೋ ಎತ್ತರದಲ್ಲಿ ಡಬ್ಬಿ ತಿರುಗುತ್ತದೆ. ಚೂರುಗಳು ಒಂದೊಂದಾಗಿ, ಹೂವಿನ ಪರಾಗದಷ್ಟು ಹಗುರಾಗಿ ಇಳಿಯುತ್ತವೆ, ಇಳಿಯುತ್ತಲೇ ಇರುತ್ತವೆ, ನೆಲ ಮುಟ್ಟುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲ. ಆದರೂ ಯಾರೋ ಈಗತಾನೇ ಎದ್ದು ಒಳಗೆ ಹೋದ ಹಾಗಿದೆ. ಎಚ್ಚರವಾದಾಗ ಭಯವಿರುತ್ತಿರಲಿಲ್ಲ. ಮುಖ ಮಾತ್ರ ತಣ್ಣಗೆ, ಈಗಷ್ಟೇ ತೊಳೆದುಕೊಂಡಂತೆ ಇರುತ್ತಿತ್ತು.

ಹಿಂತಿರುಗಿ ಬಂದು ಬೀಗ ತೆಗೆಯುವ ಮೊದಲು ಬಾಗಿಲ ಸಂದಿಗೆ ಮೂಗು ಹಚ್ಚಿದೆ. ವಾಸನೆಯಿಲ್ಲ. ಒಳಗೆ ಬಂದರೆ ನೀರು ತಿಳಿಯಾಗಿದೆ, ಎಲ್ಲರೂ ಇದ್ದಾರೆ, ಸಾಹೇಬ ನನ್ನನ್ನು "ಯಾರು ನೀನು?" ಎಂಬಂತೆ ನೋಡಿದ. ಅಣ್ಣನಿಗೆ ಫೋನು ಮಾಡಿದೆ.

"ಬದುಕಿದಾವಾ?"

"ಬದುಕಿದಾವೆ. ದಪ್ಪ ಆಗಿದಾವೆ."

ಆ ಕಡೆ ಜೋರು ಗಾಳಿಯ ಸದ್ದು. ಎಷ್ಟನೆಯ ಮಹಡಿಯಲ್ಲಿ ನಿಂತಿದ್ದನೋ. "ಸರಿ ಹಾಗಾದ್ರೆ" ಎಂದ. ಅಷ್ಟೇ. ಆದರೆ ಹೆಗಲ ಮೇಲಿನ ಮೂಟೆ ಇಳಿಸಿದವನ ದನಿ.

ಈಗ ಅವನಿಗೆ ಅಲ್ಲಿಯೇ ಇನ್ನೂ ಕೆಲವು ಕಾಲದ ಕೆಲಸ ಕೊಟ್ಟಿದ್ದಾರೆ, ಒಪ್ಪಿಕೊಂಡಿದ್ದಾನೆ. ಸಂಜೆ ಫೋನು ಮಾಡುತ್ತಾನೆ. ನಾನು "ಏನಾಯ್ತು ಇವತ್ತು?" ಎನ್ನುತ್ತೇನೆ. ಮೊನ್ನೆ ಒಂದು ಪಾರಿವಾಳ ಲಿಫ್ಟಿನೊಳಗೆ ಸೇರಿಕೊಂಡು, ನೆಲಮಹಡಿಯಿಂದ ತುದಿಯವರೆಗೆ ಪ್ರಯಾಣ ಮಾಡಿ, ಬಾಗಿಲು ತೆರೆದ ಕೂಡಲೇ ದೊಡ್ಡ ಅಧಿಕಾರಿಯ ಗತ್ತಿನಲ್ಲಿ ನಡೆದು ಹೋಯಿತಂತೆ. ಅರ್ಧ ಗಂಟೆ ಅದನ್ನೇ ಹೇಳಿದ. ನೀವು ಕೇಳಬೇಕಿತ್ತು ಎನ್ನಿಸಿತು, ಅದಕ್ಕೆ ಬರೆದೆ. ನಿಮ್ಮನ್ನು ಹಿಂದಕ್ಕೆ ಕರೆಯಲು ಬರೆದದ್ದಲ್ಲ. ಅವನೂ ಈಗ ಬಾಗಿಲು ಕಾಯುತ್ತಿಲ್ಲ. ನಿಮ್ಮ ಮನಸ್ಸಿನಲ್ಲಿ ಅವನ ಬಗ್ಗೆ ಎಲ್ಲಾದರೂ ಒಂದು ಮುಳ್ಳು ಉಳಿದಿದ್ದರೆ ತೆಗೆದುಬಿಡಿ. ಅವನು ಚೆನ್ನಾಗಿದ್ದಾನೆ.

ಮೀನುಗಳೂ ಚೆನ್ನಾಗಿವೆ. ಬಿಸಿಲು ಹಾಳೆಯಿಂದ ಜಾರಿ ಗೋಡೆಗೆ ಹೋಯಿತು, ಇನ್ನು ಮುಗಿಸುತ್ತೇನೆ. ನಿಮ್ಮ ಹೊಸ ಮನೆಯಲ್ಲಿ ಬೆಳಕು ಚೆನ್ನಾಗಿ ಬರಲಿ. ದೊಡ್ಡವರು ನೀವು, ಇದ್ದಲ್ಲಿಂದಲೇ ನಮ್ಮಿಬ್ಬರಿಗೂ ಒಂದು ಒಳ್ಳೆಯ ಮಾತು ಹರಸಿಬಿಡಿ, ಅದು ಇಲ್ಲಿಯವರೆಗೆ ಬಂದು ಮುಟ್ಟುತ್ತದೆ.

ಇಂತಿ ನಿಮ್ಮ ಪ್ರೀತಿಯ
ವಟವಟಿ

ಮರೆತ ವಿಷಯ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೋದ ತಿಂಗಳು ಕೊನೆಯ ಸಹಿಗಾಗಿ ನೀವೂ ಅಣ್ಣನೂ ವಕೀಲರ ಕಚೇರಿಯಲ್ಲಿ ಸೇರಿದ್ದಿರಲ್ಲ, ಅದಕ್ಕೆಂದೇ ಎರಡು ದಿನ ರಜೆ ಹಾಕಿ ಬಂದಿದ್ದವನು ಅಲ್ಲಿಂದ ನೇರವಾಗಿ ಮನೆಗೆ ಬಂದ. ನೀವು ಸ್ವಲ್ಪ ತೆಳ್ಳಗಾಗಿದ್ದೀರಂತೆ. ಕನ್ನಡಕ ಬಂದಿದೆಯಂತೆ. ಒಂದೊಂದು ಮೀನನ್ನೂ ಹೆಸರು ಹಿಡಿದು ವಿಚಾರಿಸಿದಿರಂತೆ. ನಾನು, "ನನ್ನನ್ನ ಕೇಳಿದ್ರಾ?" ಎಂದೆ. ಅವನು ಷೂ ಬಿಚ್ಚಲು ಬಗ್ಗಿ, "ಕೇಳಿದ್ಲು, ಕೇಳಿದ್ಲು" ಎಂದ. ಎರಡು ಸಲ ಹೇಳಿದ, ಮುಖ ಎತ್ತದೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿಮಗೂ ಗೊತ್ತು. ನೀವು ಮನೆ ಬಿಟ್ಟ ದಿನ ನಾನು ಅಂಗಡಿಯಲ್ಲಿದ್ದೆ. ಸಂಜೆ ಬಂದು, ನಿಮಗೆಂದು ತಂದ ಹಣ್ಣನ್ನು ಹಿಡಿದುಕೊಂಡು ಕೋಣೆ ಕೋಣೆಗೂ ಹೋಗಿ ಕರೆದೆ. ನಿಮಗೆ ಅವನ ಜೊತೆ ಬದುಕಲು ಆಗಲಿಲ್ಲ, ಸರಿ, ಅದನ್ನು ನಾನು ಒಪ್ಪಿಕೊಂಡೆ. ಬೇರೆಯಾಗುತ್ತೇವೆಂದು ನೀವಿಬ್ಬರು ಸಹಿ ಹಾಕಿದಿರಿ. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ ಅತ್ತಿಗೆ. ನಾನು ಹಾಕುತ್ತಲೂ ಇರಲಿಲ್ಲ. ಆ ಕನ್ನಡಕವನ್ನು ಯಾರು ಮಾಡಿಕೊಟ್ಟರು? ಮೂಗಿನ ಮೇಲೆ ಒತ್ತುತ್ತದೆಯೇ? ಕಣ್ಣಿನ ನಂಬರು ಬರೆದು ಕಳಿಸಿ.